ಕಾರ್ಕಳದ ಗೊಮ್ಮಟನಿಂದ ಪಾಠ ಶುರು ಮಾಡುತ್ತೇನೆ

ಮುಂಬಯಿಯಲ್ಲಿ ದೊಡ್ಡವರಿಗೆ ಚಿತ್ರಕಲೆ ಹೇಳಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ಕನ್ನಡಿಗರು. ಹೋಟೆಲನ್ನು ಮಕ್ಕಳ ಕೈಗೆ ಕೊಟ್ಟು ನಿರಾಳವಾದವರು, ಬ್ಯಾಂಕಿನಿಂದ ನಿವೃತ್ತರಾದವರು, ಈಗಷ್ಟೇ ತಮಗಾಗಿ ಒಂದಿಷ್ಟು ಹೊತ್ತು ಸಿಕ್ಕಿದ ಅಮ್ಮಂದಿರು. ಕಲೆಯ ಚರಿತ್ರೆ ಹೇಳುವಾಗ ನಗ್ನ ದೇಹದ ಮಾತು ಬಂದೇ ಬರುತ್ತದೆ. ಅದನ್ನು ಬಿಟ್ಟರೆ ಅರ್ಧ ಚರಿತ್ರೆಯೇ ಹೋಯಿತು. ಪ್ಯಾರಿಸ್ಸಿನ ಚಿತ್ರಗಳಿಂದ ಶುರು ಮಾಡಿದರೆ ‘ಅದು ಅವರ ಸಂಸ್ಕೃತಿ ಬಿಡಿ’ ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಅದಕ್ಕೇ ನಾನು ಕಾರ್ಕಳದಿಂದ ಶುರು ಮಾಡುತ್ತೇನೆ.

ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ಎತ್ತರ 42 ಅಡಿ. ವೇಣೂರಿನವನು 1604ರವನು. ನಮ್ಮ ಕರಾವಳಿಯವರು ಇವರನ್ನು ನೋಡಿಕೊಂಡೇ ಬೆಳೆದವರು. ಫೋಟೊ ತೋರಿಸದೆ, ನೆನಪಿನಿಂದಲೇ ಬರೆಯಿರಿ ಅನ್ನುತ್ತೇನೆ. ಹಾಳೆಯ ಮೇಲೆ ಅಗಲವಾದ ಭುಜ ಬರುತ್ತದೆ, ನೀಳವಾಗಿ ಇಳಿಬಿಟ್ಟ ಕೈ ಬರುತ್ತದೆ, ತೊಡೆಗೂ ತೋಳಿಗೂ ಹಬ್ಬಿದ ಬಳ್ಳಿ ಬರುತ್ತದೆ. ಮೈಮೇಲೆ ಬಟ್ಟೆಯಿಲ್ಲ ಅನ್ನುವುದು ಯಾರಿಗೂ ಮೊದಲು ನೆನಪಾಗುವುದಿಲ್ಲ. ಆಮೇಲೆ ಕೇಳುತ್ತೇನೆ: ಈ ಮೈಯಲ್ಲಿ ಎಲ್ಲಾದರೂ ಬಿಗಿತ ಇದೆಯೇ? ಇಲ್ಲ. ಕಾಯೋತ್ಸರ್ಗದಲ್ಲಿ, ಅಂದರೆ ಮೈಯ ಹಂಗು ಬಿಟ್ಟ ಧ್ಯಾನದಲ್ಲಿ, ನಿಂತವನು ದೇಹವನ್ನು ಮುಚ್ಚಿಕೊಳ್ಳುವುದೂ ಇಲ್ಲ, ಮೆರೆಸುವುದೂ ಇಲ್ಲ. ಬಳ್ಳಿ ಹಬ್ಬುವಷ್ಟು ಕಾಲ ಹಾಗೇ ಬಿಟ್ಟಿದ್ದಾನೆ.

ಒಮ್ಮೆ ಕಾರ್ಕಳದವರೇ ಆದ ಹಿರಿಯರೊಬ್ಬರು ಕೇಳಿದರು, “ಮೇಡಂ, ಅದು ದೇವರ ಲೆಕ್ಕ ಅಲ್ವಾ? ಚಿತ್ರದಲ್ಲಿರೋದು ಮನುಷ್ಯರು.”

“ಹೌದು ಶೆಟ್ರೇ, ಆದರೆ ನಮ್ಮ ಹಳೆಯ ಶಿಲ್ಪದಲ್ಲಿ ದೇವರಿಗೂ ಮೈತುಂಬ ಬಟ್ಟೆಯಿಲ್ಲ” ಅಂದೆ. ಹಳೇಬೀಡಿನ ನೃತ್ಯ ಸರಸ್ವತಿಯನ್ನು ನೋಡಿ, ಎದೆಯ ಮೇಲೆ ಇರುವುದು ಆಭರಣ, ರವಿಕೆಯಲ್ಲ. ನಮ್ಮ ದೇವರಕೋಣೆಯ ಸೀರೆಯುಟ್ಟ ಸರಸ್ವತಿ, ಲಕ್ಷ್ಮಿಯರ ರೂಪ ಮನೆಮನೆಗೆ ಹೋದದ್ದು ಬಹುಮಟ್ಟಿಗೆ ಇದೇ ಮುಂಬಯಿಯಿಂದ. ರಾಜಾ ರವಿವರ್ಮ 1894ರಲ್ಲಿ ಘಾಟ್ಕೋಪರ್‌ನಲ್ಲಿ ಕಲ್ಲಚ್ಚಿನ ಪ್ರೆಸ್ ತೆರೆದ. ಅಲ್ಲಿಂದ ಹೊರಟ ಅಗ್ಗದ ಪಟಗಳು, ಅವುಗಳ ಹಿಂದೆ ಬಂದ ಕ್ಯಾಲೆಂಡರುಗಳು ನಮ್ಮ ಕಣ್ಣನ್ನು ರೂಢಿ ಮಾಡಿದವು. ರವಿವರ್ಮನ ಮೇಲೆ ನನಗೆ ಗೌರವವಿದೆ. ಆದರೆ ಆ ಸೀರೆಯನ್ನು ಸನಾತನ ಎಂದುಕೊಂಡರೆ ಹೊಯ್ಸಳ ಶಿಲ್ಪಿಗೆ ಅನ್ಯಾಯವಾಗುತ್ತದೆ.

ಮುಚ್ಚುವ ಆತುರ ನಮ್ಮದಷ್ಟೇ ಅಲ್ಲ ಎಂಬುದನ್ನೂ ಹೇಳಬೇಕು. ರೋಮಿನ ಸಿಸ್ಟೀನ್ ಚಾಪೆಲ್‌ನಲ್ಲಿ ಮೈಕೆಲ್ಯಾಂಜೆಲೊ ಬರೆದ ‘ಅಂತಿಮ ತೀರ್ಪು’ ಚಿತ್ರದ ನಗ್ನ ದೇಹಗಳಿಗೆ 1565ರಲ್ಲಿ ಇನ್ನೊಬ್ಬ ಕಲಾವಿದನಿಂದ ಬಟ್ಟೆ ಬರೆಸಿದರು. ಲಂಡನ್ನಿನಲ್ಲಿ ಅವನದೇ ಡೇವಿಡ್ ವಿಗ್ರಹದ ಪ್ರತಿಕೃತಿಗೆ, ರಾಣಿ ವಿಕ್ಟೋರಿಯಾ ಬಂದಾಗ ತಗಲಿಸಲೆಂದೇ ಪ್ಲಾಸ್ಟರಿನ ಎಲೆಯೊಂದನ್ನು ಮಾಡಿಸಿಟ್ಟಿದ್ದರು.

ಗ್ಯಾಲರಿ ಪಾಠಕ್ಕೆ ದಕ್ಷಿಣ ಮುಂಬಯಿಯ ಕಾಲಾ ಘೋಡಾಕ್ಕಿಂತ ಒಳ್ಳೆಯ ಜಾಗವಿಲ್ಲ. ಮೊದಲು ಅಲ್ಲಿನ ಛತ್ರಪತಿ ಶಿವಾಜಿ ಮ್ಯೂಸಿಯಂನಲ್ಲಿ ನಮ್ಮ ಐಹೊಳೆಯಿಂದ ಬಂದ ಛಾವಣಿ ಶಿಲ್ಪಗಳ ಮುಂದೆ ನಿಲ್ಲಿಸುತ್ತೇನೆ. ಎಲ್ಲರೂ ಕೈಮುಗಿಯುವಷ್ಟು ಭಕ್ತಿಯಿಂದ ನೋಡುತ್ತಾರೆ. ಆಮೇಲೆ ಪಕ್ಕದಲ್ಲೇ ಇರುವ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಬಂದು, 1954ರ ಕತೆ ಹೇಳುತ್ತೇನೆ. ಕಲಾವಿದ ಅಕ್ಬರ್ ಪದಮ್‌ಸೀ ಇಲ್ಲಿ ‘ಲವರ್ಸ್’ ಎಂಬ ಚಿತ್ರ ಹಾಕಿದ್ದರು. ಗಂಡಸಿನ ಕೈ ಹೆಂಗಸಿನ ಎದೆಯ ಮೇಲಿತ್ತು. ಪೊಲೀಸರು ಇಳಿಸಿ ಅಂದರು, ಅವರು ಇಳಿಸಲಿಲ್ಲ, ಬಂಧನವಾಯಿತು, ಕೇಸು ನಡೆದು ಗೆದ್ದರು. ಎಪ್ಪತ್ತು ವರ್ಷ ಕಳೆದ ಮೇಲೆ ಅದೇ ಪದಮ್‌ಸೀ ಮತ್ತು ಗೋವೆಯ ಎಫ್. ಎನ್. ಸೋಜಾ ಅವರ ಏಳು ಕೃತಿಗಳನ್ನು ಮುಂಬಯಿ ಕಸ್ಟಮ್ಸ್ ಅಶ್ಲೀಲವೆಂದು ತಡೆಹಿಡಿಯಿತು. 2024ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನಗ್ನವಾದದ್ದೆಲ್ಲ ಅಶ್ಲೀಲವಲ್ಲ ಎಂದು ಕೋರ್ಟು ಮತ್ತೊಮ್ಮೆ ಹೇಳಬೇಕಾಯಿತು. ನನ್ನ ಮನೆಯಲ್ಲಿ ಇಂಥ ಚಿತ್ರ ತೂಗುಹಾಕಲಾರೆ ಅನ್ನುವವರು ನನ್ನ ತರಗತಿಯಲ್ಲೇ ಇದ್ದಾರೆ. ಅದು ಅವರ ಹಕ್ಕು. ಯಾರೂ ನೋಡಕೂಡದೆಂದು ವಶಪಡಿಸಿಕೊಳ್ಳುವುದು ಬೇರೆಯೇ ವಿಷಯ.

ಇಷ್ಟೆಲ್ಲ ಆದ ಮೇಲೆಯೇ ಮಾಡೆಲನ್ನು ಕೂರಿಸಿಕೊಂಡು ಬರೆಯುವ ಲೈಫ್ ಡ್ರಾಯಿಂಗ್. ಹಿಂಜರಿಯುವವರಿಗೆ ಹೆಬ್ಬಾರರ ಹೆಸರು ಹೇಳುತ್ತೇನೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದ ಚಿತ್ರಕಾರ ಕೆ. ಕೆ. ಹೆಬ್ಬಾರರು, ಮಾಡೆಲ್ ನೋಡಿ ಬರೆಯುವುದೂ ಪಾಠವೇ ಆಗಿದ್ದ ಇಲ್ಲಿನ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು, ಅಲ್ಲೇ ಕಲಿಸಿದವರು. ಹೆಂಗಸರಿಗೆ ಇನ್ನೊಂದು ಮಾತನ್ನೂ ಹೇಳುತ್ತೇನೆ: ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಹೆಣ್ಣುಮಕ್ಕಳಿಗೆ ಮಾಡೆಲ್ ನೋಡಿ ಬರೆಯುವ ಅವಕಾಶ ಸಿಕ್ಕಿದ್ದು 1893ರಲ್ಲಿ, ಅದೂ ಮಾಡೆಲ್‌ಗೆ ಅರೆಬಟ್ಟೆ ತೊಡಿಸಿ. ಅವರು ಹೋರಾಡಿ ಪಡೆದದ್ದನ್ನು ನೀವು ಸುಮ್ಮನೆ ಬಿಡಬೇಡಿ ಅನ್ನುತ್ತೇನೆ.

ನಿಯಮಗಳಲ್ಲಿ ರಾಜಿಯಿಲ್ಲ. ಮೊಬೈಲುಗಳು ಹೊರಗಿನ ಡಬ್ಬದಲ್ಲಿ. ಬಟ್ಟೆ ಬದಲಿಸಲು ಪರದೆಯ ಹಿಂದೆ ಜಾಗ, ತಲುಪುವ ದೂರದಲ್ಲಿ ಒಂದು ಶಾಲು. ಯಾವ ಪೋಸ್ ಎಂಬುದನ್ನು ಮಾಡೆಲ್ ಒಪ್ಪಿದ ಮೇಲೆಯೇ ಕೂರುವುದು. ಪೋಸ್ ನಡೆಯುವಾಗ ಮೈಯ ಬಗ್ಗೆ ಮಾತಿಲ್ಲ. ಮೊದಲ ಪೋಸ್‌ನಲ್ಲಿ ಎಲ್ಲರೂ ಮುಖವನ್ನೇ ಬರೆಯುತ್ತಾರೆ, ಕಣ್ಣು ಕೆಳಗಿಳಿಯುವುದಿಲ್ಲ. ನಾನು ತೂಕ ಎಲ್ಲಿದೆ ನೋಡಿ ಅನ್ನುತ್ತೇನೆ. ಸೊಂಟ ಯಾವ ಕಡೆಗೆ ಬಿದ್ದಿದೆ, ಅದಕ್ಕೆ ಎದುರಾಗಿ ಭುಜ ಹೇಗೆ ತಿರುಗಿದೆ, ಕುತ್ತಿಗೆಯ ಗುಳಿಯಿಂದ ನೇರ ಇಳಿದರೆ ಯಾವ ಹಿಮ್ಮಡಿ ಸಿಗುತ್ತದೆ? ಚಾರ್ಕೋಲ್ ಹಿಡಿದು ಒಂದು ಕಣ್ಣು ಮುಚ್ಚಿ ಅಳೆಯತೊಡಗಿದ ಮೇಲೆ ನಾಚಿಕೆಗೆ ಪುರುಸೊತ್ತಿರುವುದಿಲ್ಲ.

ಎಲ್ಲ ನಗ್ನ ಚಿತ್ರವೂ ಒಳ್ಳೆಯದೆಂದು ನಾನು ವಾದಿಸುವುದಿಲ್ಲ. ಹೆಣ್ಣನ್ನು ಬರೀ ವಸ್ತುವಾಗಿ ಕಂಡ ಚಿತ್ರಗಳು ರಾಶಿ ಇವೆ. 1989ರಲ್ಲಿ ಗೆರಿಲ್ಲಾ ಗರ್ಲ್ಸ್ ಎಂಬ ಕಲಾವಿದೆಯರ ಗುಂಪು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಎಣಿಸಿ ನೋಡಿತು. ಆಧುನಿಕ ವಿಭಾಗದಲ್ಲಿ ಕಲಾವಿದೆಯರು ಶೇ. 5ಕ್ಕೂ ಕಡಿಮೆ, ನಗ್ನ ಚಿತ್ರಗಳಲ್ಲಿ ಶೇ. 85 ಹೆಂಗಸರವು. ಹಾಗಾಗಿ ಅಮೃತಾ ಶೇರ್‌ಗಿಲ್ 1933ರಲ್ಲಿ ಬರೆದ ‘ಪ್ರೊಫೆಷನಲ್ ಮಾಡೆಲ್’ ಚಿತ್ರವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದರಲ್ಲಿರುವವಳು ಬಡಕಲು ಮೈಯವಳು, ಸೊರಗಿದವಳು. ಅದನ್ನು ತೋರಿಸಿದ ದಿನ ಹಿಂದಿನ ಸಾಲಿನ ಅಮ್ಮ ಒಬ್ಬರು, “ಪಾಪ, ಎಷ್ಟು ಹೊತ್ತಿಂದ ಕೂತಿದ್ದಾಳೋ, ಸುಸ್ತಾಗಿದೆ ಅವಳಿಗೆ” ಅಂದರು. ಉಳಿದವರು ನಮ್ಮ ಮಾಡೆಲ್ ಎಷ್ಟು ಹೊತ್ತು ಕೂರುತ್ತಾರೆಂದು ಲೆಕ್ಕ ಹಾಕಿದರು. ಇಪ್ಪತ್ತು ನಿಮಿಷಕ್ಕೊಮ್ಮೆ ಐದು ನಿಮಿಷ ವಿರಾಮ ಸಾಲದು, ಹತ್ತು ಮಾಡಿ ಎಂದು ವಿದ್ಯಾರ್ಥಿಗಳೇ ಕೇಳಿದರು. ಈಗ ಹಾಗೇ ನಡೆಯುತ್ತಿದೆ.