ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರು: ಕೀಲಿ ಕೈಗೆ ಬರುವ ಮುನ್ನ

ವಿಮಾನ ಇಳಿದು, ಲಗೇಜ್ ಎತ್ತಿಕೊಂಡು ಕಾರು ಬಾಡಿಗೆ ಕೌಂಟರ್ ಮುಂದೆ ನಿಲ್ಲುವ ಹೊತ್ತಿಗೆ ಯಾರಿಗಾದರೂ ಸುಸ್ತಾಗಿರುತ್ತದೆ. ಹಿಂದೆ ಕ್ಯೂ ಬೇರೆ. ತೋರಿಸಿದ ಕಡೆ ಸಹಿ ಹಾಕಿ ಹೊರಟುಬಿಟ್ಟರೆ ಸಾಕಪ್ಪ ಅನ್ನಿಸುತ್ತದೆ. ಜಾಸ್ತಿ ದುಡ್ಡು ಕೈಬಿಡುವುದು ಈ ಆತುರದಲ್ಲೇ. ಅದಕ್ಕೇ ಅರ್ಧ ಕೆಲಸವನ್ನು ಹೊರಡುವ ಮೊದಲೇ ಮುಗಿಸಿಕೊಳ್ಳಿ.

ಬುಕಿಂಗ್ ಮಾಡುವಾಗ

ವಿಮಾನದ ನಂಬರನ್ನು ಬುಕಿಂಗ್‌ನಲ್ಲಿ ತಪ್ಪದೆ ಹಾಕಿ. ವಿಮಾನ ತಡವಾದರೆ ಅದು ಕೌಂಟರಿನವರಿಗೆ ಗೊತ್ತಾಗುತ್ತದೆ, ನಿಮ್ಮ ಕಾರನ್ನು ಇನ್ನೊಬ್ಬರಿಗೆ ಕೊಡುವ ಸಾಧ್ಯತೆ ಕಡಿಮೆಯಾಗುತ್ತದೆ. ಕೌಂಟರ್ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದೂ ನೋಡಿಕೊಳ್ಳಿ. ಕೌಂಟರ್ ಟರ್ಮಿನಲ್ ಒಳಗೇ ಇದೆಯೋ, ಶಟಲ್ ಬಸ್ ಹತ್ತಿ ಹೋಗಬೇಕೋ ಎಂಬುದು ಮೊದಲೇ ತಿಳಿದಿದ್ದರೆ ಒಳ್ಳೆಯದು. ವಿಮಾನ ನಿಲ್ದಾಣದ ಒಳಗಿನ ಕೌಂಟರ್‌ಗಳು ಸಾಮಾನ್ಯವಾಗಿ ಹೆಚ್ಚುವರಿ ಶುಲ್ಕ ಸೇರಿಸುತ್ತವೆ. ಮಕ್ಕಳು, ದೊಡ್ಡ ಸೂಟ್‌ಕೇಸ್ ಇದ್ದರೆ ಆ ಶುಲ್ಕ ಕೊಡುವುದೇ ವಾಸಿ.

ನೀವು ಬುಕ್ ಮಾಡುವುದು ಕಾರಿನ ಮಾಡೆಲ್ ಅಲ್ಲ, ಅದರ ವರ್ಗ. ಎಷ್ಟೋ ಕಂಪನಿಗಳು ಅದನ್ನು ನಾಲ್ಕು ಅಕ್ಷರದ ಕೋಡಿನಲ್ಲಿ ಬರೆಯುತ್ತವೆ. ಮೊದಲ ಅಕ್ಷರ ಕಾರಿನ ಗಾತ್ರ, ಮೂರನೆಯದು ಗೇರು. ಮೂರನೆಯದು 'ಎಂ' ಆಗಿದ್ದರೆ ಕೈಯಲ್ಲಿ ಬದಲಿಸುವ ಗೇರು, 'ಎ' ಆಗಿದ್ದರೆ ಆಟೊಮ್ಯಾಟಿಕ್. ಆಟೊಮ್ಯಾಟಿಕ್ ಓಡಿಸಿಯೇ ರೂಢಿ ಇರುವವರು ಈ ಒಂದು ಅಕ್ಷರವನ್ನು ಎರಡು ಸಲ ನೋಡಬೇಕು.

ಬಾಡಿಗೆಯ ದಿನ ಅಂದರೆ ಸಾಮಾನ್ಯವಾಗಿ 24 ಗಂಟೆ. ಬೆಳಿಗ್ಗೆ 10ಕ್ಕೆ ತೆಗೆದುಕೊಂಡ ಕಾರನ್ನು ಕೊನೆಯ ದಿನ ಮಧ್ಯಾಹ್ನ ಕೊಟ್ಟರೆ ಇನ್ನೊಂದು ದಿನದ ಬಾಡಿಗೆ ಬೀಳಬಹುದು.

ಜೊತೆಗಿರಬೇಕಾದ ಕಾಗದ

ಮೂಲ ಲೈಸೆನ್ಸ್, ಪಾಸ್‌ಪೋರ್ಟ್, ಕಾರು ಓಡಿಸುವವರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್. ಡೆಪಾಸಿಟ್ ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ, ಅಷ್ಟು ಮಿತಿ ಖಾಲಿ ಇರಬೇಕು. ಡೆಬಿಟ್ ಕಾರ್ಡನ್ನು ಎಷ್ಟೋ ಕಡೆ ಒಪ್ಪುವುದಿಲ್ಲ.

ಬೇರೆ ದೇಶಕ್ಕೆ ಹೋಗುವವರಿಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕಾಗಬಹುದು. ಇದನ್ನು ಲೈಸೆನ್ಸ್ ಕೊಟ್ಟ ದೇಶದಲ್ಲೇ ಮಾಡಿಸಿಕೊಂಡು ಹೊರಡಬೇಕು. 1949ರ ಜಿನೀವಾ ಒಪ್ಪಂದದ ಪರ್ಮಿಟ್ ಒಂದು ವರ್ಷ, 1968ರ ವಿಯೆನ್ನಾ ಒಪ್ಪಂದದ ಪರ್ಮಿಟ್ ಗರಿಷ್ಠ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಹೋಗುವ ದೇಶ ಯಾವುದನ್ನು ಒಪ್ಪುತ್ತದೆ ಎಂದು ವಿಚಾರಿಸಿ. ಪರ್ಮಿಟ್ ಇದ್ದರೂ ಮೂಲ ಲೈಸೆನ್ಸ್ ಜೇಬಿನಲ್ಲಿರಲೇಬೇಕು. 25 ವರ್ಷದೊಳಗಿನವರಿಗೆ ಹೆಚ್ಚಿನ ಕಡೆ ಪ್ರತ್ಯೇಕ ಶುಲ್ಕ ಇರುತ್ತದೆ.

ಕೌಂಟರಿನಲ್ಲಿ ಇನ್ಶೂರೆನ್ಸ್ ಮಾತು

ಹೆಚ್ಚಿನವರು ಗೊಂದಲ ಬೀಳುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ನೋಡೋಣ. ನಿಮ್ಮಿಂದ ಬೇರೆಯವರಿಗೆ ಆಗುವ ಹಾನಿಗೆ ಥರ್ಡ್ ಪಾರ್ಟಿ ವಿಮೆ. ಬಾಡಿಗೆ ಕಾರಿಗೇ ಆಗುವ ಹಾನಿಗೆ ಇರುವುದು ಬೇರೆ, ಅದನ್ನು ಸಿಡಿಡಬ್ಲ್ಯು ಅನ್ನುತ್ತಾರೆ. ಅದು ಬಾಡಿಗೆಯಲ್ಲೇ ಸೇರಿದ್ದರೂ 'ಎಕ್ಸೆಸ್' ಎಂಬ ಒಂದು ಮೊತ್ತದವರೆಗಿನ ಖರ್ಚು ಸಾಮಾನ್ಯವಾಗಿ ನಿಮ್ಮದೇ. ಟೈರ್, ಗಾಜು, ಕಾರಿನ ತಳಭಾಗ, ಛಾವಣಿ ಇವುಗಳನ್ನು ಅನೇಕ ಸಲ ಹೊರಗಿಟ್ಟಿರುತ್ತಾರೆ. ಆ ಎಕ್ಸೆಸ್ ಸೊನ್ನೆ ಮಾಡಿಕೊಡುತ್ತೇವೆ ಎಂದು ಕೌಂಟರಿನಲ್ಲಿ ದಿನಕ್ಕಿಷ್ಟು ಹೆಚ್ಚಿಗೆ ದುಡ್ಡು ಕೇಳುತ್ತಾರೆ.

ಬೇಡ ಅನ್ನಬೇಕೋ, ಹೂಂ ಅನ್ನಬೇಕೋ ಎಂದು ಅಲ್ಲೇ ನಿಂತು ಯೋಚಿಸಬೇಡಿ. ನಿಮ್ಮ ಕ್ರೆಡಿಟ್ ಕಾರ್ಡ್ ಅಥವಾ ಪ್ರಯಾಣ ವಿಮೆಯಲ್ಲಿ ಬಾಡಿಗೆ ಕಾರಿನ ರಕ್ಷಣೆ ಇದೆಯೇ ಎಂದು ಮನೆಯಲ್ಲೇ ಓದಿಕೊಂಡಿರಿ. ಕೆಲವು ಕಾರ್ಡ್‌ಗಳಲ್ಲಿ, ಕೌಂಟರಿನ ಸಿಡಿಡಬ್ಲ್ಯು ಬೇಡ ಅಂದರೆ ಮಾತ್ರ ಆ ರಕ್ಷಣೆ ಸಿಗುತ್ತದೆ. ಯಾವ ರಕ್ಷಣೆಯೂ ಇಲ್ಲ, ರಸ್ತೆಯೂ ಹೊಸದು ಅನ್ನುವವರು ಕೌಂಟರಿನ ವಿಮೆ ತೆಗೆದುಕೊಂಡು ನಿಶ್ಚಿಂತೆಯಿಂದ ಓಡಿಸುವುದೇ ಸರಿ ಎಂದು ನನ್ನ ಅಭಿಪ್ರಾಯ.

ಸಹಿ ಹಾಕುವ ಮುನ್ನ ಒಟ್ಟು ಮೊತ್ತ ನೋಡಿ. ಕೇಳದೇ ಇರುವ ಜಿಪಿಎಸ್, ಎರಡನೇ ಡ್ರೈವರ್, ದೊಡ್ಡ ಕಾರು ಸೇರಿಕೊಂಡಿದ್ದರೆ ತೆಗೆಸಿ. ಇಂಧನದ ಷರತ್ತು 'ತುಂಬಿಸಿ ಕೊಡುತ್ತೇವೆ, ತುಂಬಿಸಿ ಕೊಡಿ' ಎಂದಿದ್ದರೆ ಒಳ್ಳೆಯದು.

ಕಾರಿನ ಸುತ್ತ ಒಂದು ಸುತ್ತು

ಪಾರ್ಕಿಂಗ್ ಜಾಗದಲ್ಲಿ ಕತ್ತಲಿದ್ದರೆ ಮೊಬೈಲ್ ಟಾರ್ಚ್ ಹಾಕಿ. ಬೆಳಕನ್ನು ಬಾಗಿಲಿನ ಮೇಲೆ ಓರೆಯಾಗಿ ಬಿಟ್ಟರೆ ಎದುರಿಗೆ ನಿಂತಾಗ ಕಾಣದ ನೆಗ್ಗು ಎದ್ದು ಕಾಣುತ್ತದೆ. ಆಗ ತಾನೇ ತೊಳೆದ ಕಾರಾದರೆ ಒಮ್ಮೆ ಒರೆಸಿಯೇ ನೋಡಿ, ನೀರು ಗೀರುಗಳನ್ನು ಮುಚ್ಚಿಬಿಡುತ್ತದೆ. ಬಂಪರಿನ ಕೆಳಅಂಚು, ನಾಲ್ಕೂ ಚಕ್ರದ ರಿಮ್ಮು, ಮುಂದಿನ ಗಾಜಿನ ಮೇಲೆ ಕಲ್ಲು ಸಿಡಿದ ಚುಕ್ಕೆ, ಕನ್ನಡಿಯ ಹಿಂಬದಿ ಇವನ್ನು ಬಗ್ಗಿ ನೋಡಬೇಕು. ನಿಲ್ಲಿಸದೆ ಒಂದೇ ವಿಡಿಯೊ ಮಾಡಿ, ನಂಬರ್ ಪ್ಲೇಟಿನಿಂದ ಶುರುಮಾಡಿ ಕಿಲೋಮೀಟರ್ ಮತ್ತು ಇಂಧನದ ಮುಳ್ಳಿನವರೆಗೆ. ಕಂಡ ಪ್ರತಿ ಗೀರನ್ನೂ ಅವರ ಫಾರಂನಲ್ಲಿ ಬರೆಸಿ. 'ಅದೇನೂ ಪರವಾಗಿಲ್ಲ' ಎಂಬ ಬಾಯಿಮಾತು ಸಾಲದು. ಡಿಕ್ಕಿ ತೆರೆದು ಸ್ಟೆಪ್ನಿ ಅಥವಾ ಪಂಕ್ಚರ್ ಕಿಟ್ ಇದೆಯೇ ನೋಡಿಕೊಳ್ಳಿ.

ಹೊರಡುವ ಮುನ್ನ ಸೀಟು, ಕನ್ನಡಿ ಸರಿಮಾಡಿಕೊಂಡು ಇಂಡಿಕೇಟರ್, ವೈಪರ್, ರಿವರ್ಸ್ ಗೇರ್ ಎಲ್ಲಿದೆ ಎಂದು ನಿಂತಲ್ಲೇ ಕಲಿಯಿರಿ. ಇಂಧನದ ಮುಳ್ಳಿನ ಪಕ್ಕ ಸಾಮಾನ್ಯವಾಗಿ ಒಂದು ಪುಟ್ಟ ಬಾಣ ಇರುತ್ತದೆ. ಟ್ಯಾಂಕಿನ ಮುಚ್ಚಳ ಯಾವ ಬದಿಗಿದೆ ಎಂದು ಅದು ತೋರಿಸುತ್ತದೆ. ಪೆಟ್ರೋಲೋ ಡೀಸೆಲ್ಲೋ ಎಂಬುದನ್ನೂ ಮುಚ್ಚಳದ ಒಳಗೆ ನೋಡಿಬಿಡಿ. ಟೋಲ್ ಹೇಗೆ ಕಟ್ಟಬೇಕು ಎಂದು ಕೌಂಟರಿನಲ್ಲೇ ಕೇಳಿ.

ಮರಳಿಸುವಾಗ

ವಿಮಾನ ನಿಲ್ದಾಣದ ಹತ್ತಿರದ ಬಂಕ್‌ನಲ್ಲಿ ಟ್ಯಾಂಕ್ ತುಂಬಿಸಿ, ರಸೀದಿ ಇಟ್ಟುಕೊಳ್ಳಿ. ಫೋನನ್ನು ಕಾರಿನ ಬ್ಲೂಟೂತ್‌ಗೆ ಜೋಡಿಸಿದ್ದರೆ ಅದನ್ನು ಅಳಿಸಿ, ನಿಮ್ಮ ಕಾಂಟ್ಯಾಕ್ಟ್‌ಗಳು ಅದರಲ್ಲೇ ಉಳಿಯಬಹುದು. ಸಿಬ್ಬಂದಿ ಎದುರಿಗೇ ಕಾರು ನೋಡಿ 'ಸರಿಯಿದೆ' ಎಂದು ಬರೆದುಕೊಡುವಂತೆ ಕೇಳಿ. ಕೌಂಟರ್ ಮುಚ್ಚಿದ್ದು, ಕೀಲಿಯನ್ನು ಡಬ್ಬಿಗೆ ಹಾಕಿ ಹೋಗುವುದಾದರೆ ಮತ್ತೊಂದು ವಿಡಿಯೊ ಬೇಕೇ ಬೇಕು. ಅಂಥ ಕಡೆ ಅವರು ಬಂದು ನೋಡುವವರೆಗೂ ಕಾರಿನ ಹೊಣೆ ನಿಮ್ಮದೇ ಎಂದು ಕರಾರಿನಲ್ಲಿ ಬರೆದಿರುವುದುಂಟು.

ಟೋಲ್ ಬಾಕಿ, ಸಂಚಾರ ದಂಡ ವಾರಗಳ ನಂತರವೂ ಕಾರ್ಡಿಗೆ ಬೀಳಬಹುದು, ಅದರ ಮೇಲೆ ಕಂಪನಿಯ ಸೇವಾ ಶುಲ್ಕವೂ ಸೇರಬಹುದು. ಅಲ್ಲಿಯವರೆಗೆ ವಿಡಿಯೊ, ಕರಾರು ಪತ್ರ, ರಸೀದಿ ಯಾವುದನ್ನೂ ಅಳಿಸಬೇಡಿ.