ಸೈಲೆನ್ಸರ್ ಬದಲಿಸೋ ಮುಂಚೆ ನೀರಿನ ಪೈಪ್ ಹಿಡಿದು ಕೂತೆ

ಹೋದ ಏಪ್ರಿಲ್‌ನಲ್ಲಿ ನಮ್ಮ ಕಾರು ಟ್ರ್ಯಾಕ್ಟರ್ ತರಹ ಕೂಗೋಕೆ ಶುರು ಮಾಡಿತು. 2018ರ ಪೆಟ್ರೋಲ್ ಗಾಡಿ, 1.2 ಲೀಟರ್ ಇಂಜಿನ್, ಟರ್ಬೊ (ಹೊಗೆಯ ಬಲದಿಂದ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಫ್ಯಾನು) ಇಲ್ಲ. "ಓಣಿ ತುದೀಗಿ ಬಂದ್ರನೇ ಗೊತ್ತಾಗ್ತದ, ನಿಮ್ಮ ಗಾಡಿ ಬಂತು ಅಂತ" ಎಂದು ಹೆಂಡತಿ ನಕ್ಕಳು. ಬಗ್ಗಿ ನೋಡಿದರೆ ಹಿಂದಿನ ಸೈಲೆನ್ಸರ್ ಡಬ್ಬಿಯ ತಳದಲ್ಲಿ ಕಿರುಬೆರಳು ಹೋಗುವಷ್ಟು ತೂತು.

ತುಕ್ಕು ಒಳಗಿನಿಂದ ಬಂದಿತ್ತು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊಗೆಯ ಜೊತೆ ಬರುತ್ತದೆ. ದೂರ ಓಡಿಸಿದರೆ ಪೈಪು ಕಾದು ನೀರು ಹೊರಗೆ ಹೋಗುತ್ತದೆ. ನಾನು ಡ್ಯೂಟಿಗೆ ಫ್ಯಾಕ್ಟರಿ ಬಸ್ಸಿನಲ್ಲಿ ಹೋಗುವವನು. ಕಾರು ಮಗನ ಶಾಲೆಗೆ, ಸೂಪರ್ ಮಾರ್ಕೆಟ್‌ಗೆ, ಅಷ್ಟೇ ಓಡುತ್ತದೆ. ಎರಡು ಕಿಲೋಮೀಟರಿನಲ್ಲಿ ಡಬ್ಬಿ ಎಲ್ಲಿ ಕಾಯಬೇಕು? ಕಲಬುರಗಿಯ 43 ಡಿಗ್ರಿ ಬಿಸಿಲಲ್ಲೂ ಗಾಡಿಯ ಹೊಟ್ಟೆಯಲ್ಲಿ ನೀರು ನಿಂತಿತ್ತು ಅಂದರೆ ನಗು ಬರುತ್ತೆ, ಅಲ್ವಾ.

ರಿಂಗ್ ರೋಡಿನ ಒಂದು ಅಂಗಡಿಗೆ ಹೋದೆ. ಅಂಗಡಿಯವನು ತೂತನ್ನು ನೋಡಲೇ ಇಲ್ಲ. "ಅಣ್ಣಾ, ಹೆಂಗೂ ಬಿಚ್ಚೋದೇ ಅದ. ಫ್ರೀ ಫ್ಲೋ ಹಾಕಿಸಿಬಿಡ್ರಿ. ಕಂಪನಿಯವರು ಬಾಯಿ ಕಟ್ಟಿ ಕಳಿಸಿರ್ತಾರ. ಗಾಡಿ ಹೆಂಗ್ ಓಡ್ತದ ನೋಡ್ರಿ, ಆವರೇಜೂ ಬರ್ತದ" ಎಂದ. ಫ್ರೀ ಫ್ಲೋ ಅಂದರೆ ಒಳಗೆ ತಡೆ ಕಡಿಮೆ ಇರುವ, ಹೊಗೆ ಸಲೀಸಾಗಿ ಹೋಗುವ ಸೈಲೆನ್ಸರ್. 13,500 ರೂಪಾಯಿ. ಕಂಪನಿ ಡಬ್ಬಿ ಆದರೆ 4,800. ಸುಳ್ಳು ಯಾಕೆ ಹೇಳಲಿ, ನನಗೂ ಆಸೆಯಾಯಿತು. ಅವನ ಮೊಬೈಲಲ್ಲಿ ಆ ಸದ್ದು ಕೇಳಿಸಿದಾಗ ಮೈ ಜುಮ್ ಅಂದಿತ್ತು.

ಆದರೆ ನಾನು ಸಿಮೆಂಟ್ ಫ್ಯಾಕ್ಟರಿಯ ಫಿಟ್ಟರ್. ದಿನವಿಡೀ ಫ್ಯಾನು, ಡಕ್ಟು, ಡ್ರಾಫ್ಟು. ಡಕ್ಟ್ ಕಟ್ಟಿಕೊಂಡಿದೆ ಅಂತ ಯಾರಾದರೂ ಹೇಳಿದರೆ ನಾವು ಮೊದಲು ಕೇಳೋದು ಒಂದೇ, ಎಷ್ಟು ಮಿಲಿಮೀಟರ್ ನೀರು? ಅಂದರೆ, ಒಳಗಿನ ಒತ್ತಡ ಕೊಳವೆಯ ನೀರನ್ನು ಎಷ್ಟು ಮೇಲೆ ತಳ್ಳುತ್ತದೆ ಅಂತ. ಕಾರಿನ ಬಾಯಿ ಕಟ್ಟಿದೆ ಅಂದರೆ ಅದನ್ನೂ ಅಳೆದು ನೋಡಬಹುದಲ್ಲ.

ಅಳತೆಗೆ ಜಾಗ ಸಿದ್ಧವಾಗಿಯೇ ಇರುತ್ತದೆ. ಹೊಗೆಯಲ್ಲಿನ ಆಮ್ಲಜನಕ ನೋಡೋಕೆ ಇಂಜಿನ್ ಹತ್ತಿರ ಪೈಪಿಗೆ ಕೂರಿಸಿದ ಆಕ್ಸಿಜನ್ ಸೆನ್ಸರ್ ಬಿಚ್ಚಿದರೆ 18 ಮಿಲಿಮೀಟರಿನ ಚೂಡಿ (ಥ್ರೆಡ್) ಇರುವ ತೂತು ಸಿಗುತ್ತದೆ. ಪರಿಚಯದ ಲೇತ್‌ನವನ ಹತ್ತಿರ ಅದಕ್ಕೊಂದು ನಿಪ್ಪಲ್ ಮಾಡಿಸಿದೆ. ನಿಪ್ಪಲ್‌ಗೆ ಒಂದು ಮೀಟರ್ ಎಸಿಯ ತಾಮ್ರದ ಕೊಳವೆ. ನೇರ ರಬ್ಬರ್ ಹಾಕಿದರೆ ಕರಗಿ ಹೋಗುತ್ತದೆ. ಅದರ ತುದಿಗೆ ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧಕ್ಕೆ ನೀರು ತುಂಬಿ, ಚಿಟಿಕೆ ಕುಂಕುಮ ಹಾಕಿದೆ. ಪಕ್ಕದಲ್ಲಿ ಮಗನ ಸ್ಕೇಲು. ಇಷ್ಟೇ ಯಂತ್ರ.

ಬೆಳಿಗ್ಗೆ ಆರಕ್ಕೆ, ಇಂಜಿನ್ ತಣ್ಣಗಿದ್ದಾಗಲೇ ಸೆನ್ಸರ್ ಬಿಚ್ಚಿ ಜೋಡಿಸಿದೆ. ಸೆನ್ಸರ್ ಇಲ್ಲದ ಕಾರಣ ಡ್ಯಾಶ್‌ಬೋರ್ಡಲ್ಲಿ ಹಳದಿ ದೀಪ ಬರುತ್ತದೆ, ಆಮೇಲೆ ಸ್ಕ್ಯಾನರ್‌ನಿಂದ ಅಳಿಸಬೇಕು. ಸ್ಟಾರ್ಟ್ ಮಾಡಿದ ಕೂಡಲೇ ನೀರು ಕುಣಿಯೋಕೆ ಹತ್ತಿತು. ಪೈಪನ್ನು ಸ್ವಲ್ಪ ಚಿವುಟಿ ಹಿಡಿದರೆ ಕುಣಿತ ನಿಲ್ಲುತ್ತದೆ. 2500 ಆರ್‌ಪಿಎಂಗೆ 14 ಸೆಂಟಿಮೀಟರ್. ಖುಷಿಯಿಂದ ಬರೆದುಕೊಂಡೆ.

ಮಗ ಕೇಳಿದ: "ಅಪ್ಪಾ, ತೂತು ಹಂಗೇ ಅದ ಅಲ್ಲ?"

ಇಪ್ಪತ್ತು ವರ್ಷದ ಫಿಟ್ಟರ್, ಎಂಟನೇ ಕ್ಲಾಸಿನ ಹುಡುಗನ ಮುಂದೆ ತಲೆ ತಗ್ಗಿಸಿದೆ. ಸೋರುವ ಡಬ್ಬಿಯಲ್ಲಿ ಒತ್ತಡ ಅಳೆದರೆ ಕಡಿಮೆ ಬಾರದೆ ಇನ್ನೇನು ಬರುತ್ತದೆ? ತಗಡು ಸುತ್ತಿ, ತಂತಿ ಬಿಗಿದು, ಸಂದಿಗೆ ಸೈಲೆನ್ಸರ್ ಪುಟ್ಟಿ ತುಂಬಿ, ಮರುದಿನ ಮತ್ತೆ ಕೂತೆ. ಈ ಸಲ ಐಡಲ್‌ನಲ್ಲಿ 3 ಸೆಂಟಿಮೀಟರ್, 2500ಕ್ಕೆ 22.

ಇದರ ಅರ್ಥ ಏನು? 70 ಸೆಂಟಿಮೀಟರ್ ನೀರು ಅಂದರೆ 1 ಪಿಎಸ್‌ಐ, ಟೈರಿಗೆ ಗಾಳಿ ಹಿಡಿಸುವಾಗ ಹೇಳುವ ಅದೇ ಒತ್ತಡದ ಅಳತೆ. 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ಪೈಪು ಎಲ್ಲೋ ಕಟ್ಟಿಕೊಂಡಿದೆ ಅನ್ನೋದು ಮೆಕ್ಯಾನಿಕ್‌ಗಳ ಲೆಕ್ಕ. ಅಂದರೆ ಎರಡು ಮೀಟರಿಗೂ ಮೇಲೆ ನೀರು ಏರಬೇಕು. ನಮ್ಮದು ಒಂದು ಗೇಣು ಏರಿತ್ತು. ಅದೂ ಇಡೀ ಪೈಪಿನದು, ಹಿಂದಿನ ಡಬ್ಬಿಯದು ಅದರಲ್ಲಿ ಒಂದು ಪಾಲು ಅಷ್ಟೇ. ಇಂಜಿನ್ ಬಾಯಲ್ಲಿ ಹೊಗೆ ಕೆಂಡದ ಹಾಗಿರುತ್ತದೆ, ಹಿಗ್ಗಿರುತ್ತದೆ. ಬಾಲದ ತನಕ ಬರೋದರಲ್ಲಿ ತಣ್ಣಗಾಗಿ ಕುಗ್ಗಿರುತ್ತದೆ. 13,500 ಖರ್ಚು ಮಾಡಿ ನಾನು ಅಗಲ ಮಾಡಿಸಲು ಹೊರಟಿದ್ದು ಕಟ್ಟಿಕೊಂಡೇ ಇಲ್ಲದ ಜಾಗವನ್ನು.

ಇದು ನಿಂತ ಗಾಡಿಯ ಲೆಕ್ಕ, ಒಪ್ಪುತ್ತೇನೆ. ಪೂರ್ತಿ ತುಳಿದಾಗ ಒತ್ತಡ ಜಾಸ್ತಿಯಾಗುತ್ತದೆ. ಅದಕ್ಕೇ ಜೊತೆ ಕೆಲಸ ಮಾಡುವವನ ಕಾರು ಕೇಳಿದೆ. ಅದೇ ಮಾಡೆಲ್, ಅದೇ ಇಂಜಿನ್, ಹಿಂದೆ ಫ್ರೀ ಫ್ಲೋ. ಸೇಡಂ ರಸ್ತೆಯಲ್ಲಿ ನಸುಕಿನಲ್ಲಿ, ಮೂರನೇ ಗೇರ್‌ನಲ್ಲಿ 40ರಿಂದ 80ಕ್ಕೆ ಎಷ್ಟು ಸೆಕೆಂಡ್ ಅಂತ ನೋಡಿದೆವು. ಮೂರು ಸಲ ಅವನದು, ಮೂರು ಸಲ ನನ್ನ ತಗಡು ಕಟ್ಟಿದ್ದು. ನನ್ನದು 11ರ ಆಸುಪಾಸು. ಅವನದು ಒಮ್ಮೆ ಸ್ವಲ್ಪ ಮುಂದೆ, ಒಮ್ಮೆ ಸ್ವಲ್ಪ ಹಿಂದೆ. ಅಷ್ಟು ಫರಕು ಎದುರುಗಾಳಿಗೂ ಬರುತ್ತದೆ. ಅವನಿಗೆ ಮಾತ್ರ ನಂಬಿಕೆಯೇ ಬರಲಿಲ್ಲ. ತನ್ನ ಗಾಡಿ ಹಾರುತ್ತದೆ ಅಂತಲೇ ಎರಡು ವರ್ಷದಿಂದ ಹೇಳುತ್ತಿದ್ದ.

ಆಮೇಲೆ ಅದೇ ಗಾಡಿಯಲ್ಲಿ ಜೇವರ್ಗಿ ಕಡೆ ಹೋದೆವು. ಮೊದಲ ಹತ್ತು ನಿಮಿಷ ಮಜಾ ಬಂತು. ಕಟ್ಟಿಸಂಗಾವಿ ಸೇತುವೆ ಮೇಲೆ ಭೀಮಾ ನದಿ ದಾಟುವ ಹೊತ್ತಿಗೆ ತಲೆ ಹಿಡಿದುಕೊಂಡಿತ್ತು. ಗುಂಯ್ ಅನ್ನುವ ಒಂದೇ ಸದ್ದು. ನಾಲ್ಕು ಸಿಲಿಂಡರಿನ ಇಂಜಿನ್ 2400 ಆರ್‌ಪಿಎಂನಲ್ಲಿ ಸೆಕೆಂಡಿಗೆ 80 ಸಲ ಹೊಡೆಯುತ್ತದೆ. ಆ ದಪ್ಪ ಸದ್ದಿಗೆ ಇಡೀ ಕಾರು ಡೊಳ್ಳಿನ ಹಾಗೆ ಗುಂಯ್‌ಗುಡುತ್ತದೆ. ಕಂಪನಿ ಡಬ್ಬಿಯ ಒಳಗಿನ ಗೋಡೆ, ಕೋಣೆಗಳೆಲ್ಲ ಇದನ್ನೇ ನುಂಗೋಕೆ ಇರೋದು. ನಮ್ಮ ಅವ್ವನನ್ನು ಹಿಂದೆ ಕೂರಿಸಿ ಹೈದರಾಬಾದ್ ಆಸ್ಪತ್ರೆಗೆ ಕರೆದೊಯ್ಯುವ ಗಾಡಿ ಇದು. ಆಸೆ ಅಲ್ಲೇ ಇಳಿಯಿತು.

ಕಾನೂನಿನ ಮಾತೂ ಇದೆ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ ಸದ್ದು, ಹೊಗೆಯ ನಿಯಮ ಮುರಿದರೆ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲೂ ಆಗಬಹುದು. ಇನ್ನೊಂದು. ಆ ಅಂಗಡಿಯವನು "ಕ್ಯಾಟೂ ತೆಗೆದು ಬಿಡ್ತೀನಿ, ಕೂಲಿ ಬ್ಯಾಡ" ಅಂದಿದ್ದ. ಕೂಲಿ ಯಾಕೆ ಬೇಡ ಗೊತ್ತಾ? ಕ್ಯಾಟ್ ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಅದರ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ. ಗುಜರಿಯಲ್ಲಿ ಅದಕ್ಕೆ ಒಳ್ಳೆ ರೇಟು. ಅದನ್ನು ತೆಗೆದರೆ ಅದರ ಹಿಂದಿರುವ ಇನ್ನೊಂದು ಆಕ್ಸಿಜನ್ ಸೆನ್ಸರ್ ದೀಪ ಹಚ್ಚುತ್ತದೆ, ಎಮಿಷನ್ ಟೆಸ್ಟ್‌ನಲ್ಲಿ ಗಾಡಿ ಸಿಕ್ಕಿಬೀಳುತ್ತದೆ, ವಿಷದ ಹೊಗೆ ಓಣಿಯ ಮಕ್ಕಳಿಗೆ.

ಟರ್ಬೊ ಗಾಡಿ ಇದ್ದವರ ಲೆಕ್ಕ ಬೇರೆ. ಟರ್ಬೊ ಆದ ಮೇಲೆ ಪೈಪು ಸಲೀಸಾದರೆ ಅದು ಬೇಗ ತಿರುಗುತ್ತದೆ, ಇಸಿಯು (ಇಂಜಿನ್ ಕಂಪ್ಯೂಟರ್) ಟ್ಯೂನ್ ಜೊತೆ ಮಾಡಿಸಿದರೆ ಫರಕು ಗೊತ್ತಾಗುತ್ತದೆ. ವಾರಂಟಿ ಮತ್ತು ದಂಡದ ಚಿಂತೆ ಮಾತ್ರ ಅಲ್ಲೂ ತಪ್ಪೋದಿಲ್ಲ.

ಕೊನೆಗೆ ಕಂಪನಿ ಡಬ್ಬಿಯನ್ನೇ ತಂದೆ. ಗ್ಯಾಸ್ಕೆಟ್, ಎರಡು ಹ್ಯಾಂಗರ್ ರಬ್ಬರ್, ಹೊಸ ಬೋಲ್ಟು. ಹಿಂದಿನ ರಾತ್ರಿಯೇ ಹಳೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆ. ಆದರೂ ಒಂದನ್ನು ಗ್ರೈಂಡರ್‌ನಿಂದ ಕೊಯ್ಯಬೇಕಾಯಿತು. ಗಾಡಿಯನ್ನು ಕಬ್ಬಿಣದ ಸ್ಟ್ಯಾಂಡ್ ಮೇಲೇ ನಿಲ್ಲಿಸಿ. ನಮ್ಮ ಕಡೆ ಶಹಾಬಾದ್ ಪರಸಿ ಕಲ್ಲು ಎಲ್ಲರ ಮನೆ ಹಿತ್ತಲಲ್ಲೂ ಬಿದ್ದಿರುತ್ತದೆ, ಅದನ್ನೇ ಒಂದರ ಮೇಲೊಂದು ಪೇರಿಸಿ ಕೆಳಗೆ ನುಗ್ಗುವವರನ್ನು ನೋಡಿದ್ದೇನೆ. ಅದು ಯಾವಾಗ ಸೀಳುತ್ತದೋ ಹೇಳೋಕಾಗಲ್ಲ. ರಬ್ಬರ್‌ಗೆ ಸೋಪಿನ ನೀರು ಹಚ್ಚಿದರೆ ಸಲೀಸಾಗಿ ಏರುತ್ತದೆ. ಎಲ್ಲ ಬಿಗಿದ ಮೇಲೆ ಬಾಲಕ್ಕೆ ಒದ್ದೆ ಬಟ್ಟೆ ಒಂದು ಕ್ಷಣ ಒತ್ತಿ ಹಿಡಿದೆ. ಜೋಡಣೆಯ ಹತ್ತಿರ ಸುಸ್ ಅಂತ ಸದ್ದು ಬಂದರೆ ಇನ್ನೂ ಸೋರುತ್ತಿದೆ ಅಂತ. ಬರಲಿಲ್ಲ.

ಮಗ ಪೈಪಿನ ಬಾಯಿಗೆ ಕೈ ಒಡ್ಡಿದ. "ಅಪ್ಪಾ, ನೀರು ಹನಿ ಹನಿ ಬೀಳ್ತದ!"

ಅದಕ್ಕೇ ಈಗ ಭಾನುವಾರ ಕಮಲಾಪುರದ ತನಕ ಗಾಡಿ ಓಡಿಸಿಕೊಂಡು ಬರುತ್ತೇವೆ. ಹೋಗುವಾಗ ಡಬ್ಬಿ ಒಣಗುತ್ತದೆ. ಬರುವಾಗ ಡಿಕ್ಕಿಯಲ್ಲಿ ಅಲ್ಲಿನ ಕೆಂಪು ಬಾಳೆಹಣ್ಣು ಇರುತ್ತದೆ.