ಡೇ ಆಫ್ ದ ಟೆಂಟಕಲ್: ಬಾಯಿ ಆಡುತ್ತದೆ, ದನಿ ಬರುವುದಿಲ್ಲ

1993ರ ಈ ಹಾಸ್ಯದ ಆಟವನ್ನು ವಿಜಯಪುರದ ಮನೆಯಲ್ಲಿ, 64 ಬಿಟ್ ಲ್ಯಾಪ್‌ಟಾಪಿನಲ್ಲಿ ಸ್ಕಮ್‌ವಿಎಂ (ಹಳೆಯ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ) ಮೂಲಕ ಹಾಕಿದ್ದೆ. ಆಟ ತೆರೆಯಿತು, ಸಂಗೀತವೂ ಬಂತು. ಅಣ್ಣನ ಮಗ ನೋಡಿ, 'ಕಾಕಾ, ಬಾಯಿ ಅಲ್ಲಾಡ್ತೈತಿ, ಮಾತ ಕೇಳವಲ್ದು' ಅಂದ.

ಹೆಡ್‌ಫೋನ್ ಬದಲಿಸಿದೆ. ಸೌಂಡ್ ಡ್ರೈವರ್ ಮತ್ತೆ ಹಾಕಿದೆ. ಹಳೆಯ ಆಟ ಓಡಿಸುವ ಇನ್ನೊಂದು ತಂತ್ರಾಂಶವಾದ ಡಾಸ್‌ಬಾಕ್ಸ್‌ನಲ್ಲಿ ಸೌಂಡ್ ಬ್ಲಾಸ್ಟರ್ ಎಂಬ ಹಳೆಯ ಸೌಂಡ್ ಕಾರ್ಡಿನ ಸೆಟ್ಟಿಂಗ್ ತಿದ್ದಿ ನಾಲ್ಕು ಸಂಜೆ ಕಳೆದೆ. ಯಾವುದೂ ಆಗಲಿಲ್ಲ. ಸಂಗೀತ ಬರುತ್ತಿದೆ ಎಂದರೆ ಸೌಂಡ್ ಸರಿಯಿದೆ. ಅದನ್ನು ಮೊದಲೇ ಗಮನಿಸಬೇಕಿತ್ತು.

ಕೊರತೆ ಇದ್ದದ್ದು ಫೋಲ್ಡರಿನಲ್ಲಿ. ಅಲ್ಲಿ ಟೆಂಟಕಲ್.000, ಟೆಂಟಕಲ್.001 ಎರಡೇ ಇದ್ದವು. ಮಾತುಗಳೆಲ್ಲ ಇರುವುದು ಮಾನ್ಸ್‌ಟರ್.ಎಸ್‌ಒಯು (MONSTER.SOU) ಎಂಬ ಮೂರನೇ ಫೈಲಿನಲ್ಲಿ. ಉಳಿದೆರಡಕ್ಕಿಂತ ಬಹಳ ದೊಡ್ಡದು. ನಕಲು ಮಾಡುವಾಗ ಬಿಟ್ಟುಹೋಗಿತ್ತು.

ಮಾಡಿದ ಕ್ರಮ: ಸ್ಕಮ್‌ವಿಎಂ ಪೂರ್ತಿ ಮುಚ್ಚಿದೆ. ಸಿಡಿಯಿಂದ ಆ ಫೈಲನ್ನು ತಂದು ಅದೇ ಫೋಲ್ಡರಿನಲ್ಲಿ, ಒಳಗೆ ಬೇರೆ ಫೋಲ್ಡರ್ ಮಾಡದೆ, ಹೆಸರು ಬದಲಿಸದೆ ಇಟ್ಟೆ. ಮತ್ತೆ ತೆರೆದು ಈ ಆಟದ ಆಯ್ಕೆಗಳಲ್ಲಿ ಆಡಿಯೋ ಪುಟಕ್ಕೆ ಹೋಗಿ, ಸಾಮಾನ್ಯ ಸೆಟ್ಟಿಂಗ್ ಮೀರುವ ಚೌಕಕ್ಕೆ ಗುರುತು ಹಾಕಿ, ಪಠ್ಯ ಮತ್ತು ಮಾತಿಗೆ 'ಎರಡೂ' ಆರಿಸಿದೆ. ವಾಲ್ಯೂಮ್ ಪುಟದಲ್ಲಿ ಮಾತಿನ ದನಿಯ ಮಟ್ಟ ಸೊನ್ನೆಯಲ್ಲಿಲ್ಲ ಎಂದೂ ನೋಡಿಕೊಳ್ಳಿ. ಆಡುವಾಗ ಕಂಟ್ರೋಲ್ ಮತ್ತು ಟಿ ಒಟ್ಟಿಗೆ ಒತ್ತಿದರೆ ಮಾತು, ಅಕ್ಷರ, ಎರಡೂ ಹೀಗೆ ಬದಲಾಗುತ್ತದೆ. ಅಕ್ಷರ ಇರಲಿ, ಇಲ್ಲಿನ ಒಗಟುಗಳ ಸುಳಿವು ಮಾತಿನಲ್ಲೇ ಅಡಗಿರುತ್ತದೆ.

ನಿಮ್ಮದು ಫ್ಲಾಪಿ ಆವೃತ್ತಿಯಾದರೆ ಮೊದಲ ದೃಶ್ಯದಲ್ಲಷ್ಟೇ ದನಿ ಇರುತ್ತದೆ, ಅದಕ್ಕೆ ಈ ಉಪಾಯ ನಡೆಯದು.